ಕಚ್ಚಾ ಹೊಲಿಗಿ

ಶನಿವಾರ ಮಧ್ಯಾಹ್ನ ಅಂಗಡಿಗೆ ಕೀಲಿ ಹಾಕಿ
ಇಂಡಿ ಟೇಸನ್ನಿಗೆ ಬಂದೆ.
ಚೀಲದಾಗ ಶೇಂಗಾ ಹಿಂಡಿ, ಅರ್ಧ ನೂರು ಲಿಂಬಿಹಣ್ಣು,
ಸೂಜಿ, ದಾರದ ಉಂಡಿ, ಸಣ್ಣ ಕತ್ತರಿ.
ಕತ್ತರಿ ಯಾಕ ಅಂದ್ರ ಚಟ,
ಬ್ಯಾರೆ ಕಾರಣ ಇಲ್ಲ.

ಭೀಮಾ ದಾಟೂಮುಂದ ಕಿಟಕಿ ಕಡೆ ಕುಂತಾಕಿ ಒಬ್ಬಾಕಿ
ನೀರಿಗೆ ಒಂದು ರೂಪಾಯಿ ಒಗದ್ಲು.
ಅದು ಪೂಲಿನ ಕಬ್ಬಿಣಕ್ಕ ಬಡದು ಠಣ್ ಅಂತು.
ಹೊಳಿಗೆ ಮುಟ್ಟಿತೋ ಇಲ್ಲೋ.

ಸೋಲಾಪುರದಾಗ ಅಕ್ಕನ ಓಣಿ ಹೊಕ್ಕರ
ಮಾತು ಮೂರು ಪಟ್ಟು ಜೋರಾಗಬೇಕು.
ಎರಡೂ ಕಡೆ ಪವರ್‌ಲೂಮು, ಖಟ್ ಖಟಾ ಖಟ್ ಖಟಾ.
ಮೂವತ್ತೊಂದು ವರ್ಷ ಆ ಸಪ್ಪಳದಾಗ ಟಾವೆಲ್ ನೇಯ್ದು
ಭಾವ ರೇವಣಸಿದ್ಧನ ಕಿವಿ
ನೂಲಿನ ಧೂಳು ತುಂಬಿದ ಖೋಲಿ ಆಗ್ಯಾವ.
ಪಗಾರದ ಚೀಟಿ ಮ್ಯಾಲೆ ಅಂವ ಬರೇ ‘ಆರ್’.
‘ಆರಾಮ ಅದೀಯಿಲ್ಲೋ ಭಾವಾ’ ಅಂದೆ.
‘ಹೌದಪ್ಪಾ, ರೈಲು ಯಾವಾಗಲೂ ಲೇಟs’ ಅಂದ.

ಗೋಡಿ ಮಳಿಗೆ ಜೋತುಬಿದ್ದಿತ್ತು ಗೌನು.
ಬಾಡಿಗಿ ಮುನ್ನೂರು, ಡಿಪಾಜಿಟ್ ಐನೂರು,
ಐತವಾರ ಸಂಜಿ ಐದಕ್ಕ ವಾಪಸ್.
ಸುಗಲಾ ಹಾಕ್ಕೊಂಡು ತೋರಿಸಿದ್ಲು:
ಬಾಗಿಲ ಪಡದಿಗೆ ಕಾಲು ಬಂದು
ನೆಲಾ ಬಳೀತಾ ನಡದಂಗ.
‘ಕತ್ತರಸಬ್ಯಾಡ್ರಿ ಮಾಮಾ, ದಂಡ ಹಾಕ್ತಾರ.’
ಇಲ್ಲವ್ವ. ಕಚ್ಚಾ ಹೊಲಿಗಿ.
ನಾಳೆ ಜಗ್ಗಿದ್ರ ಬಿಚ್ಚಿ ಬರತೈತಿ.

ಎಲ್ಲಾರೂ ಮಲಗಿದ ಮ್ಯಾಲೆ
ಬಲ್ಬಿನ ಕೆಳಗ ಅಂಚು ಮಗಚಿದೆ.
ಒಳಗ ನೋಡತೀನಿ, ತೂತು.
ಸೂಜಿ ಹೋಗಿ ಬಂದ ಸಣ್ಣ ಸಣ್ಣ ತೂತು,
ಒಂದು ಸಾಲು ನಾಕು ಬಟ್ಟಿಗೆ, ಒಂದು ಎರಡು ಬಟ್ಟಿಗೆ.
ಒಂದು ಕಡೆ ಹಸರು ದಾರ ಉಳದಿತ್ತು.
ಇನ್ನೊಂದು ಕಡೆ ಬಿಳಿ, ಕಸಬು ಗೊತ್ತಿಲ್ಲದ ಕೈ,
ಗಂಟು ಕಡಲಿಕಾಳಷ್ಟು ದಪ್ಪ.
ತುಕ್ಕು ಹಿಡದ ಒಂದು ಟಾಚಣಿ.
ಯಾರ್ಯಾರ ಮನ್ಯಾಗ ಯಾರ್ಯಾರು
ಹಿಂಗ ಎಚ್ಚರ ಕುಂತಿದ್ರೋ, ಯಾವ ಗಿಡ್ಡ ಹುಡುಗಿ ಸಲುವಾಗಿ.
ಕರಿ ದಾರ ಇತ್ತು. ಬೇಕಂತಲೇ ಅರಿಷಿಣದ ಬಣ್ಣದ್ದು ತಗೊಂಡೆ,
ಒಳಮಗ್ಗಲಿನ್ಯಾಗ ಯಾರು ನೋಡ್ತಾರ.
ಹಳೇ ತೂತಿನಾಗs ಸೂಜಿ ಹಾಕಿದೆ.

ಮುಂಜಾನೆ ಜಗಳ. ಪಾಸು ಎರಡs.
ಒಂದು ಅಕ್ಕಗ. ಇನ್ನೊಂದು
ಭಾವ ನನ್ನ ಕಿಸೆದಾಗ ತುರುಕಿದ:
‘ನಂಗ ಕೇಳಸೂದಿಲ್ಲೋ, ಸುಮ್ಮನ ಒಂದು ಕುರ್ಚಿ ಹಾಳು.
ನೀ ಹೋಗು. ಕೂಗಿದ್ದು ಕೇಳಿ ಬಾ.’

ಮೈಕಿನಾಗ ಮರಾಠಿ. ಮುನ್ನೂರು ಹೆಸರು.
ಎಡಗಣ್ಣು ಹಾರತೈತಿ ನೋಡು ಅಂದ್ಲು ಅಕ್ಕ,
ನೂರಾ ಹತ್ತನೇ ಹೆಸರಿಗೇ.
ಆಮ್ಯಾಲೆ ಎಷ್ಟೋ ಹೊತ್ತಿಗೆ ಬಂತು, ಆ ಸೀಮಿ ಪದ್ಧತಿಯಂಗ
ಮಗಳ ಬೆನ್ನಿಗೆ ಅಪ್ಪನ್ನ ಕರಕೊಂಡು:
ಸುಗಲಾ ರೇವಣಸಿದ್ಧ ಹತ್ತೂರೆ.
ಮೆಟ್ಟಲಾ ಹತ್ತೂವಾಗ ನನ್ನ ಹೊಲಿಗಿ ನಿಂತೀತೋ ಇಲ್ಲೋ
ನೋಡಬೇಕಂತ ಕುಂತಾಂವ ನಾನು.
ನೋಡಲಿಲ್ಲ.
ಭಾವನ ಹೆಸರು ಆ ದೊಡ್ಡ ಹಾಲಿನ ತುಂಬ ಓಡಾಡಿ
ಹಿಂದಿನ ಗೋಡಿಗೆ ಬಡದು
ಇನ್ನೊಮ್ಮೆ ಬಂತು.

ತಿರುಗಿ ಬಂದಾಗ ಓಣ್ಯಾಗ ಕರೆಂಟಿಲ್ಲ, ಮಗ್ಗ ಎಲ್ಲಾ ನಿಂತಿದ್ದವು.
ಭಾವ ಕಟ್ಟಿ ಮ್ಯಾಲೆ ಉಳ್ಳಾಗಡ್ಡಿ ಹೆಚ್ಚತಿದ್ದ.
ಕಿವಿಗೆ ಬಾಯಿ ಹಚ್ಚಿ ಒದರಿದೆ, ಓಣಿಗೆಲ್ಲ ಕೇಳಿತು:
‘ನಿನ್ನ ಹೆಸರೂ ಕೂಗಿದ್ರು!’
‘ಯಾರದು?’
‘ನಿಂದು!’
‘ಯಾಕ, ನಾ ಏನ್ ಮಾಡೀನಿ?’

ನಾಕೂವರಿಗೆ ದಾರ ಜಗ್ಗಿದೆ, ಸರ್ರಂತ ಬಂತು.
ಒಂದು ಬಟ್ಟು ಒಳಗs ಬಿಟ್ಟೆ.
ಡಿಪಾಜಿಟ್ಟಿನಾಗ ಇಸ್ತ್ರಿಗಂತ ಇಪ್ಪತ್ತು ಹಿಡಕೊಂಡ್ರು.

ಟೇಸನ್ನಿಗೆ ಕಳಸಾಕ ಬಂದಾಂವ
ಇಡೀ ದಾರಿ ಮಾತಾಡಲಿಲ್ಲ ಭಾವ.
ಗಾಡಿ ಬಿಡೂ ಹೊತ್ತಿಗೆ ಕಿಟಕಿ ಸಳಿ ಹಿಡದು ಕೇಳಿದ:
‘ಪೂರ್ತಿ ಅಂದ್ರೇನು? ಬರೇ ಆರ್ ಅಂದ್ರೋ?’

ಪೂರ್ತಿ, ಅಂತ ಕೈ ಅಗಲ ಮಾಡಿ ತೋರಿಸಿದೆ,
ಬಟ್ಟಿ ಅಳತಿ ಮಾಡೂವಂಗ.